ಡಿಕ್ರಿ ಆದಮೇಲೂ ಕೇಳಬಹುದಿತ್ತು: ಹೊಲದ ಬೋಜಾದ ಹಳೇ ಕಥೆ

ಬಾದಾಮಿ, ಹುನಗುಂದ ಕಡೆ ಹೊಲದ ಉತಾರ ತೆಗೆಸಿದ್ರೆ ಹಿರಿಯರು ಮೊದಲು ಕೇಳೋದು, 'ಬೋಜಾ ಐತೇನ?' ಅಂದ್ರೆ ಹೊಲದ ಮೇಲೆ ಸಾಲ ದಾಖಲಾಗಿದೆಯಾ ಅಂತ. ಈ ಭಾರ ಇಳಿಸಿ ಅಂತ ಕೋರ್ಟಿಗೇ ಹೋಗಿ ಕೇಳೋ ಹಕ್ಕು ರೈತನಿಗೆ ಹೇಗೆ ಬಂತು? ಇವತ್ತು ಅದನ್ನೇ ಹೇಳ್ತೀನಿ.

1875ರ ಮೇ. ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅವರು ಮುಖ್ಯವಾಗಿ ಹುಡುಕಿದ್ದು ಕಾಗದ. ಸಾಲಪತ್ರ, ಡಿಕ್ರಿ ಸಿಕ್ಕಲ್ಲೆಲ್ಲ ಸುಟ್ಟರು. ಆಗಿನ ಕೋರ್ಟು ಪತ್ರದ ಮೇಲಿನ ಹೆಬ್ಬೆಟ್ಟು ನೋಡ್ತಿತ್ತೇ ಹೊರತು, ನಿಜವಾಗಿ ಕೈಗೆ ಬಂದ ದುಡ್ಡೆಷ್ಟು ಅಂತ ಕೆದಕ್ತಿರಲಿಲ್ಲ.

ನಾಲ್ಕು ವರ್ಷಕ್ಕೆ, 1879ರಲ್ಲಿ, ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ನನಗೆ ಈಗಲೂ ದಿಟ್ಟ ಅನಿಸೋ ಕಾನೂನು ಅದು. ಪತ್ರದಲ್ಲಿ ಏನೇ ಬರೆದಿರಲಿ, ನ್ಯಾಯಾಧೀಶರು ಸಾಲದ ಇತಿಹಾಸವನ್ನ ಮೊದಲಿಂದ ತೆಗೆದು ಅಸಲು, ಬಡ್ಡಿ ಬೇರೆ ಮಾಡಬೇಕು. ಸಾಲಕ್ಕಾಗಿ ರೈತನನ್ನ ಜೈಲಿಗೆ ಹಾಕೋಹಾಗಿಲ್ಲ. 20ನೇ ಕಲಂ ಇನ್ನೂ ಮುಂದೆ ಹೋಯ್ತು: ಡಿಕ್ರಿ ಆಗಿಹೋಗಿದ್ರೂ, ಕಾಯ್ದೆಗಿಂತ ಹಿಂದೇ ಆಗಿದ್ರೂ, ಕೋರ್ಟು ಯಾವಾಗ ಬೇಕಾದ್ರೂ ಅದನ್ನ ಕಂತು ಮಾಡಬಹುದು. ಸಾಹುಕಾರ ಒಪ್ಪಬೇಕು ಅಂತೇನಿಲ್ಲ. ನ್ಯಾಯಮೂರ್ತಿ ರಾನಡೆಯವರು ಇದೇ ಕಾಯ್ದೆಯ ವಿಶೇಷ ನ್ಯಾಯಾಧೀಶರಾಗಿದ್ದರು.

ಆದ್ರೆ ಶುರುವಿಗೆ ಇದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರಕ್ಕೆ ಮಾತ್ರ. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಕಲಾದಗಿ ಜಿಲ್ಲೆಯಲ್ಲಿದ್ದವು. 1876-78ರ ಬರದಲ್ಲಿ ನಲುಗಿದ ಈ ಜಿಲ್ಲೆ, ಪಕ್ಕದ ಸೊಲ್ಲಾಪುರಕ್ಕೆ ಸಿಕ್ಕ ರಕ್ಷಣೆಯನ್ನ ದೂರದಿಂದ ನೋಡಬೇಕಾಯ್ತು. ಉಳಿದ ಜಿಲ್ಲೆಗಳಿಗೆ ಅದು ಹಬ್ಬಿದ್ದು ಆಮೇಲೆ.

1947ರ ಮುಂಬೈ ಕೃಷಿ ಸಾಲಗಾರರ ಪರಿಹಾರ ಕಾಯ್ದೆಯಲ್ಲಂತೂ ರೈತ ತಾನೇ ಕೋರ್ಟಿಗೆ ಅರ್ಜಿ ಹಾಕಿ ಸಾಲ ಇಳಿಸಿಕೊಳ್ಳಬಹುದಿತ್ತು. ಷರತ್ತು: ಹೊಲ ಇರಬೇಕು, ತಾನೇ ಸಾಗುವಳಿ ಮಾಡಬೇಕು. ಹಾಗಾದ್ರೆ ಇಳಕಲ್‌ನಲ್ಲಿ ಬರೀ ಮಗ್ಗ ನಂಬಿದ ನೇಕಾರ? ಅವನು ಹೊರಗೆ. ಕರ್ನಾಟಕದ 1976ರ ಋಣ ಪರಿಹಾರ ಕಾಯ್ದೆ ಬೇಸಾಯಗಾರರಲ್ಲದ ಬಡವರನ್ನೂ ಸೇರಿಸಿಕೊಂಡಿತು. ಆದ್ರೆ ಬ್ಯಾಂಕ್, ಸಹಕಾರಿ ಸಂಘದ ಸಾಲ ಬಿಟ್ಟು.

ಈಗ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಕಂತು ಕೇಳೋದಾದ್ರೆ ತೀರ್ಪಿಗೆ ಮುಂಚೆ ಕೇಳಿ. ಹಣದ ಡಿಕ್ರಿ ಆದಮೇಲೆ ಕೇಳಿದ್ರೆ, ಗೆದ್ದವರ ಒಪ್ಪಿಗೆ ಬೇಕು. ನಿಮ್ಮ ಗೈರುಹಾಜರಿಯಲ್ಲೇ ಡಿಕ್ರಿ ಆಗಿದ್ರೆ ರದ್ದು ಕೋರಿ ಅರ್ಜಿ ಹಾಕೋಕೆ ಇರೋದು 30 ದಿನ. ಸಮನ್ಸ್ ಸರಿಯಾಗಿ ಮುಟ್ಟಿರದಿದ್ರೆ, ಡಿಕ್ರಿ ವಿಷಯ ಗೊತ್ತಾದ ದಿನದಿಂದ ಲೆಕ್ಕ.