ವಾಟ್ಸ್‌ಆ್ಯಪ್ ನಿಂತರೆ ದೋಷ ಎಲ್ಲಿದೆ?

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಸದಸ್ಯರಿಗೆ ನಾವು ಕಾರ್ಯಕ್ರಮದ ಸುದ್ದಿ ಕಳಿಸುವುದು ವಾಟ್ಸ್‌ಆ್ಯಪ್‌ನಲ್ಲಿ. ಅದು ನಿಂತರೆ ಹೀಗೆ ನೋಡಿರಿ.

1. ಬೇರೆ ಆ್ಯಪ್ ತೆರೆಯಿರಿ. ಯಾವುದೂ ತೆರೆಯದಿದ್ದರೆ ದೋಷ ನಿಮ್ಮ ನೆಟ್‌ನದು. 2023ರ ಜೂನ್ 7ರಂದು ಕೊಲ್ಹಾಪುರದಲ್ಲಿ ಆದಂತೆ ಸರಕಾರಿ ಆದೇಶದಿಂದಲೂ ನೆಟ್ ನಿಲ್ಲಬಹುದು.

2. ಅದೊಂದೇ ನಿಂತಿದ್ದರೆ ಬೇರೆ ಊರಿನವರಿಗೆ ಫೋನ್ ಮಾಡಿ ಕೇಳಿರಿ. ಡೌನ್‌ಡಿಟೆಕ್ಟರ್ ತಾಣದಲ್ಲಿ ದೂರುಗಳ ಗ್ರಾಫ್ ಏರಿದೆಯೇ ನೋಡಿರಿ.

3. ಏರಿದ್ದರೆ ಕಾಯಿರಿ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಜಗತ್ತಿನಾದ್ಯಂತ ಸುಮಾರು 6 ತಾಸು ನಿಂತಿದ್ದವು. ಕಾರಣ, ಕಂಪನಿಯ ರೂಟರ್ ಸೆಟ್ಟಿಂಗ್‌ನಲ್ಲಾದ ತಪ್ಪು.

ಆ್ಯಪ್ ಅಳಿಸಬೇಡಿರಿ, ಬ್ಯಾಕಪ್ ಇಲ್ಲದಿದ್ದರೆ ಹಳೆಯ ಸಂದೇಶಗಳು ಹೋಗುತ್ತವೆ. ಸರಿಮಾಡಿಕೊಡುತ್ತೇವೆಂದು ಫೋನ್ ಮಾಡಿದವರಿಗೆ ಓಟಿಪಿ ಹೇಳಲೇಬೇಡಿರಿ. ಕಾರ್ಯಕ್ರಮದ ವೇಳೆ, ಸ್ಥಳವನ್ನು ಈ ಪುಟದಲ್ಲೂ ಹಾಕುತ್ತೇವೆ.