ರಜೆಗೆ ಊರಿಗೆ ಹೋದವರು ಎಣಿಸಿ ತಂದದ್ದು

ಕಾಲೇಜಿನ ಹುಡುಗ ಬೇಸಗೆ ರಜೆಗೆ ಊರಿಗೆ ಹೋದರೆ ಏನು ಮಾಡುತ್ತಾನೆ? ಕೆರೆಯಲ್ಲಿ ಈಜುತ್ತಾನೆ, ಮಾವಿನ ತೋಪು ಸುತ್ತುತ್ತಾನೆ, ಮಧ್ಯಾಹ್ನ ಉಂಡು ಮಲಗುತ್ತಾನೆ. ತಪ್ಪೇನಿಲ್ಲ, ನಾವೂ ಅದನ್ನೇ ಮಾಡಿದವರು. ಆದರೆ ನೂರು ವರ್ಷಕ್ಕೂ ಹಿಂದೆ ಮದರಾಸಿನ ಕೆಲವು ವಿದ್ಯಾರ್ಥಿಗಳಿಗೆ ಅವರ ಪ್ರಾಧ್ಯಾಪಕರು ಬೇರೊಂದು ಕೆಲಸ ಹಚ್ಚಿದರು. ಆ ಕಥೆಯನ್ನು ನಿಮಗೆ ಹೇಳಬೇಕು.

ಗಿಲ್ಬರ್ಟ್ ಸ್ಲೇಟರ್ ಆಕ್ಸ್‌ಫರ್ಡ್‌ನ ರಸ್ಕಿನ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. 1915ರಲ್ಲಿ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ಬಂದರು. ನಮ್ಮ ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದರಾಸು ಪ್ರಾಂತದಲ್ಲೇ ಇದ್ದವು. ಮೈಸೂರಿನ ಕಾಲೇಜುಗಳಿಗೂ 1916ರಲ್ಲಿ ಸ್ವಂತ ವಿಶ್ವವಿದ್ಯಾಲಯ ಆಗುವವರೆಗೆ ಮದರಾಸೇ ಗತಿ.

ಸ್ಲೇಟರ್ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಬರೆದುಕೊಟ್ಟು, ನಿಮ್ಮ ನಿಮ್ಮ ಹಳ್ಳಿಗಳನ್ನು ನೋಡಿ ಬನ್ನಿ ಎಂದರು. ಯಾರ ಭೂಮಿ ಎಷ್ಟು, ಬೆಳೆ ಯಾವುದು, ದನ ಎಷ್ಟು, ಕೂಲಿ ಏನು, ಸಾಲ ಯಾಕೆ ಮಾಡಿದರು—ಇಂಥವೇ ಪ್ರಶ್ನೆಗಳು. 1916ರಲ್ಲಿ ಹೀಗೆ ಸಂಗ್ರಹವಾದ ವರದಿಗಳು 1918ರಲ್ಲಿ 'ಸಮ್ ಸೌತ್ ಇಂಡಿಯನ್ ವಿಲೇಜಸ್' ಎಂಬ ಪುಸ್ತಕವಾದವು.

ಅದರಲ್ಲಿ ಒಂದು ಹಳ್ಳಿ ದಕ್ಷಿಣ ಆರ್ಕಾಟಿನ ಇರುವೇಲ್‌ಪಟ್ಟು. ಅಲ್ಲಿನ ಪಡಿಯಾಳುಗಳ ವಿಚಾರ ಓದಿದರೆ ಇಂದಿಗೂ ಕರುಳು ಚುರ್ ಎನ್ನುತ್ತದೆ. ಮದುವೆಗೆಂದು ಒಡೆಯನಿಂದ ಅಷ್ಟಿಷ್ಟು ಸಾಲ ಪಡೆಯುವುದು, ಅದನ್ನು ತೀರಿಸಲಾಗದೆ ದುಡಿಯುವುದು. ಅಪ್ಪನ ಸಾಲ ಮಗನ ತಲೆಗೆ. ಭೂಮಿ ಮಾರಾಟವಾದರೆ ಆಳೂ ಭೂಮಿಯ ಜೊತೆಗೇ ಹೊಸ ಒಡೆಯನಿಗೆ. ಬಂದದ್ದನ್ನು ಬಂದಂತೆ ದಾಖಲಿಸಿದ್ದಾರೆ. ಒಂದು ಮಾತನ್ನು ಮಾತ್ರ ಮರೆಯಬಾರದು: 1916ರಲ್ಲಿ ಹಳ್ಳಿಯಿಂದ ಕಾಲೇಜಿಗೆ ಬಂದವರು ಬಹುಮಟ್ಟಿಗೆ ಉಳ್ಳವರ ಮನೆಯವರು. ಅವರು ಹಳ್ಳಿಯನ್ನು ಕಂಡದ್ದು ಜಗಲಿಯ ಮೇಲಿನಿಂದ. (ನಮ್ಮ ಕ್ಯಾಮೆರಾ ತಂಡ ಬೆಳಿಗ್ಗೆ ಹತ್ತಕ್ಕೆ ಹಳ್ಳಿಗೆ ಹೋಗಿ ಸಂಜೆ ನಾಲ್ಕಕ್ಕೆ ಹಿಂತಿರುಗುತ್ತದೆ. ನಾವೇನು ಹೆಚ್ಚು ಕಾಣುತ್ತೇವೆ ಎನ್ನಬೇಡಿ.)

ನಾನು ವಿಜ್ಞಾನ ಓದಿದವನು. ಪ್ರಯೋಗವೆಂದರೆ ಮತ್ತೊಬ್ಬ ಮಾಡಿ ನೋಡಲು ಬರಬೇಕು ಎಂದು ನಮಗೆ ಕಲಿಸಿದ್ದರು. ಹಳ್ಳಿಯನ್ನು ಬಟ್ಟಲಿಗೆ ಸುರಿದು ಮತ್ತೆ ಕಾಯಿಸಲಾಗದು, ನಿಜ. ಆದರೆ ಅದೇ ಹಳ್ಳಿಗೆ ಅವೇ ಪ್ರಶ್ನೆಗಳನ್ನು ಹಿಡಿದು ಮತ್ತೆ ಹೋಗಬಹುದಲ್ಲ? ಹಾಗೆ ಹೋದವರಿದ್ದಾರೆ. 1936–37ರಲ್ಲಿ ಸ್ಲೇಟರ್ ಹಳ್ಳಿಗಳ ಮರುಸಮೀಕ್ಷೆ ನಡೆಯಿತು. ಅದನ್ನು ಪಿ.ಜೆ. ಥಾಮಸ್ ಮತ್ತು ಕೆ.ಸಿ. ರಾಮಕೃಷ್ಣನ್ 1940ರಲ್ಲಿ ಪ್ರಕಟಿಸಿದರು. ಇರುವೇಲ್‌ಪಟ್ಟುವಿಗೆ 1961ರಲ್ಲಿ ಮಾರ್ಗರೆಟ್ ಹ್ಯಾಸ್‌ವೆಲ್ ಹೋದರು. 1981ರಲ್ಲಿ ಎಸ್. ಗುಹನ್ ಮತ್ತು ಜೋನ್ ಮೆಂಚರ್ ಹೋದರು.

ಒಂದೇ ಊರನ್ನು ಒಂದೇ ದಾರದಲ್ಲಿ ಇಷ್ಟು ಕಾಲ ಪೋಣಿಸಿಟ್ಟ ಉದಾಹರಣೆ ನಮ್ಮ ದೇಶದಲ್ಲಿ ಅಪರೂಪ. ಮೊದಲ ಗಂಟು ಹಾಕಿದವರು ಹಣವಂತ ಸಂಸ್ಥೆಯವರಲ್ಲ, ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿಗಳು. ಸ್ಲೇಟರ್ ಅವರ ಅಭಿಪ್ರಾಯಗಳಲ್ಲಿ ಎಷ್ಟೋ ಈಗ ಹಳತಾಗಿವೆ. ಹುಡುಗರ ಲೆಕ್ಕ ಹಳತಾಗಲಿಲ್ಲ.

2008ರಲ್ಲಿ ಜಾನ್ ಹ್ಯಾರಿಸ್, ಜೆ. ಜಯರಂಜನ್, ಕೆ. ನಾಗರಾಜ್ ಮತ್ತೆ ಇರುವೇಲ್‌ಪಟ್ಟುವಿಗೆ ಹೋದರು. ದೊಡ್ಡ ಭೂಮಾಲೀಕರ ಹಿಡಿತ ಸಡಿಲವಾಗಿತ್ತು. ಜನ ಬೇಸಾಯ ಬಿಟ್ಟು ಬೇರೆ ಕೆಲಸಗಳಿಗೂ ಹೋಗುತ್ತಿದ್ದರು. ದಲಿತರು ಒಡೆಯರನ್ನೇ ನೆಚ್ಚಿಕೊಂಡು ಬಾಳಬೇಕಾದ ಸ್ಥಿತಿ ಹಿಂದಿನಂತಿರಲಿಲ್ಲ. ಎಷ್ಟು ಬದಲಾಯಿತು ಎಂದು ಅಳೆಯಲು ಅವರು ಮೊದಲು ತೆರೆದು ನೋಡಿದ್ದು 1916ರ ಆ ವರದಿಯನ್ನೇ.