ಏರಿಯ ಮೇಲೊಂದು ಕಣ್ಣು

ಕೆರೆಯ ಏರಿ ಒಡೆಯುವುದು ಯಾವಾಗ? ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. ‘ಮಳೆಗಾಲದಲ್ಲಿ, ಕೆರೆ ತುಂಬಿ ಕೋಡಿ ಬಿದ್ದಾಗ’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಲ್ಲಿ ಹಾಗಾಗಲಿಲ್ಲ. ಅಲ್ಲಿನ ಜಲಾಶಯದ ಒಡ್ಡು ಒಡೆದದ್ದು 2020ರ ಜನವರಿಯಲ್ಲಿ, ಸಂಕ್ರಾಂತಿಯ ಹೊತ್ತಿಗೆ. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಜಿಲ್ಲೆಯನ್ನೆಲ್ಲ ನಡುಗಿಸಿದ್ದ ಮಳೆ ನಿಂತು ತಿಂಗಳುಗಳೇ ಕಳೆದಿದ್ದವು. ಆಕಾಶ ಶುಭ್ರವಾಗಿತ್ತು. ಆದರೂ ಹಿಡಿದಿಟ್ಟ ನೀರು ಕೆಳಗಿನ ಹೊಲಗದ್ದೆಗಳ ಮೇಲೆ ನುಗ್ಗಿತು.

ಎಂಜಿನಿಯರರು ಇಂಥದನ್ನು ‘ಬಿಸಿಲ ದಿನದ ಒಡೆತ’ ಎನ್ನುತ್ತಾರೆ. ಮಳೆ, ಗುಡುಗು, ರೇಡಿಯೋದ ಎಚ್ಚರಿಕೆ ಯಾವುದೂ ಇಲ್ಲದ ದಿನ ಯಾರೂ ಟಾರ್ಚು ಹುಡುಕುವುದಿಲ್ಲ, ದನಗಳ ಹಗ್ಗ ಬಿಚ್ಚುವುದಿಲ್ಲ. ಅಪಾಯ ಇರುವುದು ಇಲ್ಲಿಯೇ.

ಮಣ್ಣಿನ ಏರಿಯೊಳಗೆ ಏನು ನಡೆಯುತ್ತದೆಂದು ನೋಡೋಣ. ಏರಿ ಎಷ್ಟೇ ಗಟ್ಟಿಯಾಗಿದ್ದರೂ ಅದರ ಮೂಲಕ ಸ್ವಲ್ಪ ನೀರು ಬಸಿಯುತ್ತಲೇ ಇರುತ್ತದೆ. ಅದು ದೋಷವಲ್ಲ. ಆದರೆ ಹೆಗ್ಗಣದ ಬಿಲ, ಏಡಿಯ ತೂತು, ಗೆದ್ದಲಿನ ಗೂಡು, ಸತ್ತ ಮರದ ಬೇರು ಕೊಳೆತು ಉಳಿದ ಟೊಳ್ಳು, ತೂಬಿನ ಕಲ್ಲಿಗೂ ಮಣ್ಣಿಗೂ ನಡುವಿನ ಸಂದು, ಇಂಥ ಕಡೆ ನೀರಿಗೆ ದಾರಿ ಹತ್ತಿರವಾಗುತ್ತದೆ. ದಾರಿ ಹತ್ತಿರವಾದಷ್ಟೂ ವೇಗ ಹೆಚ್ಚು. ಒಂದು ಹಂತ ದಾಟಿದರೆ ನೀರು ಮಣ್ಣಿನ ಕಣಗಳನ್ನು ಎತ್ತಿಕೊಂಡು ಹೊರಬರತೊಡಗುತ್ತದೆ. ಸವೆತ ಶುರುವಾಗುವುದು ಏರಿಯ ಹಿಂಬದಿಯ ಬುಡದಲ್ಲಿ. ಅಲ್ಲಿಂದ ಅದು ಕೊಳವೆಯಂತೆ ಹಿಂದಕ್ಕೆ, ಕೆರೆಯ ಕಡೆಗೆ, ಕೊರೆಯುತ್ತ ಹೋಗುತ್ತದೆ. ಕೊಳವೆ ಕೆರೆಯ ನೀರನ್ನು ಮುಟ್ಟಿದ ಮೇಲೆ ಉಳಿಯುವುದು ಗಂಟೆಗಳ ಲೆಕ್ಕ, ಕೆಲವೊಮ್ಮೆ ನಿಮಿಷಗಳ ಲೆಕ್ಕ.

ಅಮೆರಿಕದ ಇಡಾಹೋ ರಾಜ್ಯದ ಟೀಟನ್ ಅಣೆಕಟ್ಟು ಇದಕ್ಕೆ ಪ್ರಸಿದ್ಧ ಉದಾಹರಣೆ. ಹೊಸದಾಗಿ ಕಟ್ಟಿ ಮೊದಲ ಬಾರಿಗೆ ತುಂಬಿಸುತ್ತಿದ್ದ ದೊಡ್ಡ ಮಣ್ಣಿನ ಅಣೆಕಟ್ಟು ಅದು. 1976ರ ಜೂನ್ 5ರಂದು ಬೆಳಿಗ್ಗೆ 7 ಗಂಟೆಯ ಸುಮಾರಿಗೆ ಕೆಲಸಗಾರರು ಕದಡಿದ ನೀರಿನ ಒಸರನ್ನು ಕಂಡರು. ತೂತು ಮುಚ್ಚಲು ಕಳುಹಿಸಿದ ಎರಡು ಬುಲ್‌ಡೋಜರುಗಳನ್ನು ಆ ತೂತೇ ನುಂಗಿತು. ಮಧ್ಯಾಹ್ನ 12ಕ್ಕೆ ಮೂರು ನಿಮಿಷ ಇರುವಾಗ ಅಣೆಕಟ್ಟು ಕುಸಿಯಿತು. ಸತ್ತವರು 11 ಜನ. ಕೆಳಗೆ ಊರೂರುಗಳೇ ಇದ್ದರೂ ಸಾವು ಇಷ್ಟಕ್ಕೇ ನಿಂತದ್ದು ಒಸರನ್ನು ಕಂಡವರಿದ್ದರು, ಸಮಯಕ್ಕೆ ಫೋನು ಹೋಯಿತು, ಅದು ಹಗಲು ಹೊತ್ತಾಗಿತ್ತು ಎಂಬ ಕಾರಣಗಳಿಂದ. ಇದಕ್ಕೆ ಎದುರಾಗಿ ಗುಜರಾತಿನ ಮಚ್ಛು-2 ಅಣೆಕಟ್ಟನ್ನು ನೆನೆಯಿರಿ. 1979ರ ಆಗಸ್ಟ್ 11ರಂದು ಪ್ರವಾಹ ಅದರ ನೆತ್ತಿಯನ್ನೇ ಹಾಯ್ದು ಮಣ್ಣಿನ ಏರಿಯನ್ನು ಕೊಚ್ಚಿಹಾಕಿತು. ಮೋರ್ಬಿ ಪಟ್ಟಣಕ್ಕೆ ಸುದ್ದಿಗಿಂತ ಮೊದಲು ನೀರೇ ತಲಪಿತು. ಸಾವಿರಾರು ಜನ ಸತ್ತರು.

ಬಸಿನೀರಿನ ಭಯ ಹಳೆಯದು. ಕ್ರಿ.ಶ. 150ರ ಕಾಲದ ರುದ್ರದಾಮನನ ಗಿರಿನಾರ ಶಾಸನ ಸುದರ್ಶನ ಕೆರೆ ಒಡೆದ ಕಥೆಯನ್ನು ಅಳತೆಗಳ ಸಮೇತ ಹೇಳುತ್ತದೆ: ಬಿರುಕು 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ. ಅದು ಮಾರ್ಗಶಿರ ಮಾಸ, ಅಕಾಲದ ಬಿರುಮಳೆ! ಬಿರುಕು ದೊಡ್ಡದೆಂದು ಮಂತ್ರಿಗಳು ರಿಪೇರಿಗೆ ಒಪ್ಪಲಿಲ್ಲ, ಜನ ಹಾಹಾಕಾರ ಮಾಡಿದರು, ಕೊನೆಗೆ ಸುವಿಶಾಖನೆಂಬ ಅಧಿಕಾರಿ ಏರಿಯನ್ನು ಮತ್ತೆ ಕಟ್ಟಿಸಿದ ಎಂದೂ ಅದರಲ್ಲಿದೆ. ಅನುದಾನದ ಕಡತ ಎರಡು ಸಾವಿರ ವರ್ಷಗಳಿಂದಲೂ ನಿಧಾನವೇ ಎಂದು ನಗಬಹುದು.

ನಮಗೆ ಇನ್ನೂ ಹತ್ತಿರದ್ದು 1369ರ ಪೋರುಮಾಮಿಳ್ಳ ಶಾಸನ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಈಗಿನ ಆಂಧ್ರದ ಕಡಪ ಜಿಲ್ಲೆಯಲ್ಲಿ ಕಟ್ಟಿಸಿದ ಕೆರೆಯ ಶಾಸನ ಇದು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ 6 ದೋಷಗಳನ್ನೂ ಇದು ಎಣಿಸುತ್ತದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲಿ ಒಂದು. ನೀರು ಕಡಿಮೆ ಇದ್ದು ನೆಲ ಹೆಚ್ಚಿರುವುದು, ನೆಲ ಕಡಿಮೆ ಇದ್ದು ನೀರು ಹೆಚ್ಚಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಕೂಡ ದೋಷಗಳೇ. ಕೊನೆಯದನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ.

ಕನ್ನಡ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ಮಾತುಗಳನ್ನು ನೀವು ಇತಿಹಾಸದ ಪಾಠದಲ್ಲಿ ಓದಿರಬಹುದು. ಕೆರೆ ಕಟ್ಟಿದವನಿಗೆ ಮತ್ತು ಅದರ ದುರಸ್ತಿಗೆ ಬಿಟ್ಟ ಭೂಮಿ ಅದು. ಏರಿಗೆ ಮಣ್ಣು ಹೇರುವ ಬಂಡಿಗೆಂದೇ ಭೂಮಿ ಬಿಟ್ಟ ಶಾಸನಗಳೂ ಇವೆ. ಒಡೆದ ಮೇಲೆ ಓಡಾಡುವುದಕ್ಕಲ್ಲ, ಒಡೆಯುವ ಮೊದಲೇ ಬಂಡಿ ಸಿದ್ಧವಿರಲೆಂದು ಈ ಏರ್ಪಾಡು. ನೀರಗಂಟಿಯ ಕೆಲಸವೂ ಹೀಗೆಯೇ. ಅವನು ತೂಬು ಎತ್ತಿ ಇಳಿಸುವವನೆಂದು ಮಾತ್ರ ಪುಸ್ತಕಗಳು ಬರೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಅವನ ದೊಡ್ಡ ಕೆಲಸ ನಡೆಯುವುದು: ದಿನವೂ ಏರಿಯ ಮೇಲೆ, ಬುಡದಲ್ಲಿ, ಬರಿಗಾಲಲ್ಲಿ. ನಿನ್ನೆ ಒಣಗಿದ್ದ ನೆಲ ಇಂದು ತಣ್ಣಗಿದೆ ಎಂಬುದು ಕಣ್ಣಿಗಿಂತ ಮೊದಲು ಪಾದಕ್ಕೆ ತಿಳಿಯುತ್ತದೆ.

ಬ್ರಿಟಿಷರ ಕಾಲದಲ್ಲಿ ಈ ರೂಢಿ ಕಾಯ್ದೆಯ ಉಡುಪು ತೊಟ್ಟಿತು. ಮದ್ರಾಸ್ ಪ್ರಾಂತದ 1858ರ ಕಾಯ್ದೆಯ ಪ್ರಕಾರ ಏರಿ ಒಡೆಯುವ ಭಯವಿದ್ದಾಗ ಊರ ದುಡಿಯುವ ಗಂಡಸರು ಕೆಲಸಕ್ಕೆ ಬರಲೇಬೇಕಿತ್ತು. ಉತ್ತರ ಕನ್ನಡ 1862ರಲ್ಲಿ ಬೊಂಬಾಯಿ ಪ್ರಾಂತಕ್ಕೆ ಸೇರಿತು. ಅದಕ್ಕೆ ಮುಂಚೆ ಅದೂ ಮದ್ರಾಸಿನದೇ. ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿಗಳಿಗಾಗಿ ಕಾನೂನು ತಂದಿತು. ಬಲವಂತದ ದುಡಿಮೆಯನ್ನು ಹೊಗಳಬೇಕಿಲ್ಲ. ಅದು ಹೋದದ್ದು ಒಳ್ಳೆಯದೇ. ಆದರೆ ಕೆರೆ ಇಲಾಖೆಯ ಸ್ವತ್ತಾಗಿ, ನೀರಗಂಟಿಯ ಪಾಲಿನ ಧಾನ್ಯ ನಿಂತಾಗ, ದಿನದ ಆ ನಡಿಗೆಯೂ ಬಹಳ ಕಡೆ ನಿಂತಿತು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತಪಾಸಣೆಯನ್ನೂ ತುರ್ತು ಕ್ರಿಯಾ ಯೋಜನೆಯನ್ನೂ ಕಡ್ಡಾಯ ಮಾಡಿದೆ. ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರಿನವುಗಳಲ್ಲಿ ಕೆಲವಕ್ಕೆ. ನಮ್ಮ ಊರ ಕೆರೆಗಳಲ್ಲಿ ಬಹುಪಾಲು ಇದರ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಅಣೆಕಟ್ಟುಗಳಿಗೆ ಹಗಲಿರುಳು ಸಿಬ್ಬಂದಿ ಇರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನು ತೆರೆದು, ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಕೊಟ್ಟು, ಒಂದು ವಾರದೊಳಗೆ ತಾತ್ಕಾಲಿಕ ತಡೆ ಇಳಿಸಿದರು. ಸಣ್ಣ ಒಡ್ಡಿನ ಬಳಿ ರಾತ್ರಿ ಹೊತ್ತು ಇರುವುದು ಕಪ್ಪೆಗಳು ಮಾತ್ರ.

ನಿಮ್ಮ ಊರಲ್ಲಿ ಏರಿ ಇದ್ದರೆ ವಿದ್ಯಾರ್ಥಿಗಳೊಡನೆ ಅದರ ಹಿಂಬದಿಯ ಬುಡದಲ್ಲಿ ನಡೆದು ನೋಡಿ. ಬಸಿನೀರು ಕಂಡ ಕಡೆ ಗಾಜಿನ ಸೀಸೆಯಲ್ಲಿ ಹಿಡಿದು ಒಂದು ರಾತ್ರಿ ಅಲುಗಾಡಿಸದೆ ಇಡಿ. ತಿಳಿಯಾಗಿಯೇ ಉಳಿದರೆ ಏರಿ ಬೆವರುತ್ತಿದೆ, ಅಷ್ಟೆ. ತಳದಲ್ಲಿ ಮಣ್ಣು ಕೂತರೆ ಏರಿ ಕರಗುತ್ತಿದೆ. ಅಂಥ ಕಡೆ ಜೇಡಿಮಣ್ಣು ಮೆತ್ತಿ ತೂತು ಮುಚ್ಚಲು ಹೋಗಬಾರದು. ನೀರು ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ಒಸರಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮತ್ತೆ ದಪ್ಪ ಜಲ್ಲಿ ಹರಡುವುದು ಸರಿಯಾದ ಕ್ರಮ. ನೀರು ಹೊರಟುಹೋಗುತ್ತದೆ, ಮಣ್ಣು ನಿಲ್ಲುತ್ತದೆ. ತಜ್ಞರು ಬರುವವರೆಗೆ ಸಮಯ ಕೊಳ್ಳುವ ಉಪಾಯ ಇದು. ಕೆರೆಯ ಕಡೆ ನೀರಿನಲ್ಲಿ ಸುಳಿ ಕಂಡರೆ ಮಾತ್ರ ಅಲ್ಲಿ ನಿಲ್ಲಬೇಡಿ. 112ಕ್ಕೆ ಕರೆ ಮಾಡಿ, ಕೆಳಗಿನವರನ್ನು ಎಬ್ಬಿಸಿ. ಹರಿಯುವ ನೀರು 15 ಸೆಂಟಿಮೀಟರ್ ಆಳವಿದ್ದರೂ ಆಳನ್ನು ಕೆಡವಬಲ್ಲದು.

ಏರಿಯ ಕೆಳಗಿನ ಮನೆಗಳಲ್ಲಿ ಇರಬೇಕಾದ ಸಾಮಾನು ದೊಡ್ಡದೇನಲ್ಲ: ಟಾರ್ಚು, ಸೀಟಿ, ಹಗ್ಗ, ಪ್ಲಾಸ್ಟಿಕ್ ಚೀಲದಲ್ಲಿ ಬೆಂಕಿಪೊಟ್ಟಣ, ಔಷಧಿ ಮತ್ತು ಪಹಣಿಯ ಪ್ರತಿ. ಇವಕ್ಕಿಂತ ಮುಖ್ಯವಾದದ್ದು ಎತ್ತರದ ಜಾಗ ಯಾವುದು, ಕತ್ತಲಲ್ಲಿ ಅಲ್ಲಿಗೆ ದಾರಿ ಯಾವುದು ಎಂಬ ತಿಳಿವಳಿಕೆ. ಶಾಲೆಯ ಮಕ್ಕಳು ಊರಿನ ನಕ್ಷೆ ಬರೆದು ಅದನ್ನು ಗುರುತಿಸಬಹುದು.

ಇನ್ನು ಬಸಿನೀರಿನ ಅಳತೆ. ಬುಡದ ಕಾಲುವೆಯಲ್ಲಿ ಹತ್ತು ಲೀಟರಿನ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕೆಂದು ವಾರಕ್ಕೊಮ್ಮೆ ನೋಡಿ. ತಾರೀಖು, ಕೆರೆಯ ನೀರಿನ ಮಟ್ಟ, ಸೆಕೆಂಡು, ನೀರಿನ ಬಣ್ಣ ಈ ನಾಲ್ಕನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆರೆಯ ಮಟ್ಟ ಇಳಿಯುತ್ತಿದ್ದಾಗ ಬಕೆಟ್ ತುಂಬುವ ಹೊತ್ತು ಹೆಚ್ಚಬೇಕು. ಮಟ್ಟ ಇಳಿದೂ ಬಕೆಟ್ ಬೇಗ ತುಂಬಿದರೆ, ಆ ದಿನವೇ ನೋಟ್‌ಬುಕ್ಕನ್ನು ಪಂಚಾಯಿತಿಗೂ ನೀರಾವರಿ ಇಲಾಖೆಯ ಎಂಜಿನಿಯರರಿಗೂ ತೋರಿಸಿ.